ಸೊಸೆಯನ್ನು ಕೇಳಿದಿರಿ ಸರಿ, ಅಜ್ಜಿಯನ್ನು ಕೇಳಿದಿರಾ?

ಈ ಸಲದ ಪತ್ರಗಳು ಬಂದಿರುವುದು ಎರಡು ಕಡೆಯಿಂದ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರು ಒಂದು ಕಡೆ, ಅಂಥ ಮನೆಗಳಿಗೆ ಕೆಲಸದ ಮೇಲೆ ಹೋಗುವವರು ಇನ್ನೊಂದು ಕಡೆ. ಉತ್ತರ ಕೊಟ್ಟವರು ನಮ್ಮ ಅಕ್ಕಾರು. ಹುಬ್ಬಳ್ಳಿಯ ದವಾಖಾನೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದು ಈಗ ನಿವೃತ್ತರಾಗಿ ಧಾರವಾಡದಲ್ಲಿದ್ದಾರೆ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಧಾರವಾಡದಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಗದಗ-ಬೆಟಗೇರಿಯಲ್ಲಿ ಹಿರಿಯರ ಮನೆಗಳಿಗೆ ಭೇಟಿ ಕೊಡುವ ಸಂಸ್ಥೆಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ನೇಕಾರರ ಓಣಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ. ಮರೆವಿನ ಕಾಯಿಲೆ. ಏನು ಕೇಳಿದರೂ ಸೊಸೆಯೇ ಉತ್ತರ ಕೊಡುತ್ತಾರೆ. ಕಳೆದ ವಾರ ಹೋದಾಗ ಅಜ್ಜಿಯ ಕೈಯನ್ನು ಹಳೇ ಸೀರೆಯಿಂದ ಹೊರಸಿಗೆ ಕಟ್ಟಿದ್ದರು. ಮಣಿಕಟ್ಟು ಕಂದಿತ್ತು. 'ಸಂಜಿ ಆತಂದ್ರ ಹೊರಗ ಹೋಗಿಬಿಡ್ತಾಳ್ರಿ. ನಾ ಮಗ್ಗ ಬಿಟ್ಟು ಏಳಾಕ ಆಗಂಗಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ' ಅಂದರು. ನಾನು ಆಯ್ತು ಅಂದುಬಿಟ್ಟೆ. ಈಗ ನಿದ್ದೆ ಬರುತ್ತಿಲ್ಲ. ದೂರು ಕೊಡಲಾ? ಸುಮ್ಮನಿರಲಾ?
- ಹೆಸರು ಬೇಡ, ಗದಗ

ಉತ್ತರ: ತಂಗಿ, ದೂರಿಗೂ ಸುಮ್ಮನಿರುವುದಕ್ಕೂ ನಡುವೆ ಬಹಳ ಕೆಲಸ ಇದೆ. ಅದಕ್ಕೇ ಅಲ್ವಾ ನಿಮಗೆ ಪಗಾರ ಕೊಡುವುದು.

ಮೊದಲು, ಈ ಪತ್ರಿಕೆ ಕೈಗೆ ಬಂದ ದಿನವೇ ನಿಮ್ಮ ಮೇಲಿನವರಿಗೆ ವಿಷಯ ಹೇಳಿ. ಮುಂದಿನ ಭೇಟಿಯ ತಾರೀಕಿಗೆ ಕಾಯಬೇಡಿ, ಒಂದೆರಡು ದಿನದಲ್ಲೇ ಆ ಮನೆಗೆ ಮತ್ತೆ ಹೋಗಿ. 'ಯಾರಿಗೂ ಹೇಳಲ್ಲ' ಎಂಬ ಮಾತು ಕೊಡುವ ಅಧಿಕಾರ ನಮಗೆ ಇಲ್ಲ. ಸೊಸೆಗೆ ಮುಖ ನೋಡಿ ಹೇಳಿ: 'ಅವತ್ತು ಆಯ್ತು ಅಂದೆ. ಆದರೆ ಇಂಥದ್ದನ್ನು ನಾನೊಬ್ಬಳೇ ಇಟ್ಟುಕೊಳ್ಳೋ ಹಾಗಿಲ್ಲ. ನಮ್ಮ ಆಫೀಸಿನಲ್ಲಿ ಹೇಳಿದ್ದೇನೆ. ನಿಮಗೆ ಕೈಜೋಡಿಸೋರು ಬೇಕು ಅಂತ ಹೇಳಿದ್ದೇನೆ.' ಸಿಟ್ಟು ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ. ಬೆನ್ನ ಹಿಂದೆ ಹೇಳಿದ್ದು ಗೊತ್ತಾದರೆ ಆ ಮನೆಯ ಬಾಗಿಲೇ ಮುಚ್ಚುತ್ತದೆ, ಆಮೇಲೆ ಅಜ್ಜಿಯನ್ನು ನೋಡುವವರು ಯಾರು? ಇನ್ನು ಮುಂದೆ ಯಾವುದೇ ಮನೆಗೆ ಮೊದಲ ಸಲ ಹೋದಾಗಲೇ ಎರಡು ಮಾತು ಹೇಳಿಬಿಡಿ. ಯಾರ ಜೀವಕ್ಕಾದರೂ ಅಪಾಯ ಕಂಡರೆ ನಾನು ಹೇಳಲೇಬೇಕಾಗುತ್ತದೆ. ಮತ್ತು ನಾವು ಮನೆಯಲ್ಲಿ ಎಲ್ಲರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡುತ್ತೇವೆ, ಅದು ನಮ್ಮ ಪದ್ಧತಿ.

ಎರಡನೆಯದೇ ನಿಮ್ಮ ಪತ್ರದಲ್ಲಿ ನನಗೆ ಕಾಣದ ಸಂಗತಿ. ಅಜ್ಜಿ ಏನಂದರು? ಪತ್ರದಲ್ಲಿ ಅವರದ್ದು ಒಂದು ಮಾತೂ ಇಲ್ಲ. ಮರೆವಿನ ಕಾಯಿಲೆ ಇದ್ದವರನ್ನು ಕೇಳಿ ಏನು ಉಪಯೋಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿನ್ನೆಯದು ಮರೆತಿರಬಹುದು. ಇವತ್ತಿನ ನೋವು ಗೊತ್ತಾಗುತ್ತದೆ. ಬೆಳಗಿನ ಹೊತ್ತು ಹೋಗಿ, ಸಂಜೆಗೆ ಇವರ ಗಲಿಬಿಲಿ ಜಾಸ್ತಿ. ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಕಿವಿ ಕೇಳುತ್ತಾ ಅಂತ ಮೊದಲು ನೋಡಿ. ಒಂದು ಸಲಕ್ಕೆ ಒಂದೇ ಸಣ್ಣ ಪ್ರಶ್ನೆ: 'ಇಲ್ಲಿ ನೋಯುತ್ತಾ ಅಜ್ಜಿ?' 'ಹಸಿವಾಗಿದೆಯಾ?' 'ಯಾರನ್ನು ಕಂಡರೆ ಹೆದರಿಕೆ?' ಉತ್ತರಕ್ಕೆ ಕಾಯಿರಿ. ನಾವು ಕೆಲಸದವರು ಈ ಕಾಯುವುದನ್ನೇ ಮಾಡುವುದಿಲ್ಲ. ಮಾತು ಬರದಿದ್ದರೆ ಮುಖ ನೋಡಿ. ಸೊಸೆ ಹತ್ತಿರ ಬಂದಾಗ ಅಜ್ಜಿ ಮೈ ಹಿಡಿ ಮಾಡಿಕೊಳ್ಳುತ್ತಾರಾ, ಇಲ್ಲ ಕೈ ಚಾಚುತ್ತಾರಾ? ಅದರಿಂದ ಅರ್ಧ ಗೊತ್ತಾಗುತ್ತದೆ.

ಮೈಮೇಲಿನ ಗುರುತಿನ ವಿಷಯ. ವಯಸ್ಸಾದವರ ಚರ್ಮ ತೆಳು. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಸುಮ್ನೆ ತಾಗಿದರೂ ಕಂದುತ್ತದೆ. ಮೊಣಕಾಲ ಕೆಳಗೆ, ಮೊಣಕೈಯ ಮೂಳೆಯ ಮೇಲೆ ಇರುವ ಕಲೆ ಸಾಮಾನ್ಯವಾಗಿ ಬಿದ್ದದ್ದು, ತಾಗಿದ್ದು. ತೋಳಿನ ಒಳಬದಿ, ತೊಡೆ, ಕಿವಿಯ ಹಿಂದೆ, ಎರಡೂ ಕೈಗೆ ಒಂದೇ ಥರ ಇರುವ ಗುರುತು ಕಂಡರೆ ಯೋಚಿಸಬೇಕು. ಅದನ್ನು ತೀರ್ಮಾನಿಸುವವರು ಡಾಕ್ಟರು, ನಾವು ನೋಡಿದ್ದನ್ನು ಬರೆಯುವವರು. 'ಸೊಸೆ ಹಿಂಸೆ ಕೊಡುತ್ತಾಳೆ' ಅಂತ ಬರೆಯಬೇಡಿ. 'ಎಡ ಮಣಿಕಟ್ಟಿನ ಮೇಲೆ ಎರಡು ಬೆರಳು ಅಗಲದ ನೀಲಿ ಗುರುತು. ಸೀರೆಯಿಂದ ಕಟ್ಟಿತ್ತು. ಸಂಜೆ ಹೊರಗೆ ಹೋಗುತ್ತಾರೆ ಎಂದು ಸೊಸೆ ಹೇಳಿದರು' ಎಂದು ಬರೆಯಿರಿ. ತಾರೀಕು, ಹೊತ್ತು ಹಾಕಿ. ನಾಳೆ ಯಾರೇ ಓದಿದರೂ, ಆ ಸೊಸೆಯೇ ಓದಿದರೂ, ನಿಮ್ಮ ಬರಹ ನಿಲ್ಲಬೇಕು.

ಇನ್ನು ಆ ಸೊಸೆ. ಅವರ ಜೊತೆ ಬೇರೆಯಾಗಿ ಕೂತು ಅವರ ದಿನ ಹೇಗೆ ಹೋಗುತ್ತದೆ ಕೇಳಿ. ಎಷ್ಟಕ್ಕೆ ಏಳುತ್ತಾರೆ, ಮಗ್ಗದ ಮುಂದೆ ಎಷ್ಟು ಹೊತ್ತು, ಮಕ್ಕಳ ಶಾಲೆ, ರೊಟ್ಟಿ ಬಡಿಯುವುದು, ರಾತ್ರಿ ಅಜ್ಜಿ ಎಷ್ಟು ಸಲ ಎಬ್ಬಿಸುತ್ತಾರೆ. ಗಂಡ ಏನು ಮಾಡುತ್ತಾರೆ, ಅದನ್ನೂ ಕೇಳಿ! ನಮ್ಮ ಕಡೆ ಅತ್ತೆಯ ಆರೈಕೆ ಸೊಸೆಯ ಕೆಲಸ, ಹೆಸರು ಮಗನದು. ಕಟ್ಟಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಕಟ್ಟಿಸಿಕೊಂಡವರು ಗಾಬರಿಯಾಗಿ ಎದ್ದು ಬೀಳುತ್ತಾರೆ, ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಅಲುಗಾಡದೆ ಮಲಗಿ ಬೆನ್ನು ಹುಣ್ಣಾಗುತ್ತದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಆದರೆ 'ಕಟ್ಟಬೇಡಿ' ಅಂತ ಹೇಳಿ ನೀವು ಬಸ್ ಹತ್ತಿದರೆ, ಸಂಜೆ ಆ ಹೆಂಗಸು ಏನು ಮಾಡಬೇಕು? ಬದಲಿ ಕೊಟ್ಟು ಎದ್ದು ಬನ್ನಿ.

ಬದಲಿ ಏನೇನಿದೆ ನೋಡೋಣ. ಬಾಗಿಲಿಗೆ ಗೆಜ್ಜೆಯೋ ಗಂಟೆಯೋ ಕಟ್ಟಿ, ತೆಗೆದರೆ ಮಗ್ಗದವರೆಗೆ ಸದ್ದು ಕೇಳಬೇಕು. ಅಜ್ಜಿಯ ಕುಪ್ಪಸಕ್ಕೆ ಫೋನ್ ನಂಬರ್ ಬರೆದ ಬಟ್ಟೆಯ ತುಂಡು ಹೊಲಿಯಿರಿ. ಓಣಿಯ ಕಿರಾಣಿ ಅಂಗಡಿಯವರಿಗೆ, ಕಟ್ಟೆ ಮೇಲೆ ಕೂರುವ ಹಿರಿಯರಿಗೆ ಒಂದು ಮಾತು ಹೇಳಿಡಿ, ಸೊಸೆಯ ಒಪ್ಪಿಗೆ ಕೇಳಿ ಹೇಳಿ. ಸಂಜೆಗೆ ಮೊದಲು ಅಜ್ಜಿಯನ್ನು ಓಣಿಯ ತುದಿವರೆಗೆ ಸುಮ್ನೆ ನಡೆಸಿಕೊಂಡು ಬರಲಿ, ಮೊಮ್ಮಗನೇ ಆದೀತು. 'ತವರಿಗೆ ಹೋಗ್ತೀನಿ' ಅಂದರೆ 'ತವರು ಎಲ್ಲಿದೆ, ಅವ್ವ ಸತ್ತು ಕಾಲವಾಯಿತು' ಅಂತ ವಾದ ಬೇಡ. 'ಹೋಗೋಣ, ಚಹಾ ಕುಡಿದು ಹೋಗೋಣ' ಅಂದರಾಯಿತು. ಮತ್ತೆ, ಕೈಗೆ ಕೆಲಸ ಕೊಡಿ. ಬೆಟಗೇರಿಯ ಅಜ್ಜಿಗೆ ನೂಲಿನ ಕಂಡಿಕೆ ಸುತ್ತುವುದನ್ನು ಕೈ ಮರೆತಿರುವುದಿಲ್ಲ. ಬರದಿದ್ದರೆ ಬತ್ತಿ ಹೊಸೆಯಲಿ, ಕಾಳು ಆರಿಸಲಿ. ಆರಿಸಿದ್ದನ್ನು ಮತ್ತೆ ಬೆರೆಸಿ ಕೊಟ್ಟರೂ ಪರವಾಗಿಲ್ಲ.

ಇನ್ನೊಂದು. ಮರೆವಿನ ಕಾಯಿಲೆ ಅಂತ ಹೇಳಿದವರು ಯಾರು? 'ಅರವತ್ತಕ್ಕೆ ಅರಳು ಮರಳು' ಅಂತ ನಮ್ಮಲ್ಲಿ ನಕ್ಕು ಬಿಟ್ಟುಬಿಡುತ್ತಾರೆ. ಗಲಿಬಿಲಿ ಕೆಲವೇ ದಿನದಲ್ಲಿ ಒಮ್ಮೆಲೇ ಜಾಸ್ತಿಯಾಗಿದ್ದರೆ ಅದು ಮೂತ್ರದ ಸೋಂಕಿರಬಹುದು, ಮಲಬದ್ಧತೆ ಇರಬಹುದು, ನೀರು ಕಡಿಮೆ ಕುಡಿದದ್ದಿರಬಹುದು, ಹೊಸ ಗುಳಿಗೆಯ ಪರಿಣಾಮ ಇರಬಹುದು. ಇವೆಲ್ಲ ವಾಸಿಯಾಗುವಂಥವು. ಗದಗದ ಜಿಮ್ಸ್ ದವಾಖಾನೆಗೋ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಒಮ್ಮೆ ತೋರಿಸಿ. ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮಗ್ಗ ನಿಲ್ಲಿಸಿ ಬಂದವರನ್ನು ಸುಮ್ಮನೆ ವಾಪಸ್ ಕಳಿಸಬಾರದು.

ಇಷ್ಟು ಮಾಡಿದ ಮೇಲೂ ಹೊಸ ಗುರುತು ಕಂಡರೆ, ಅಜ್ಜಿಗೆ ಊಟ ನಿಲ್ಲಿಸಿದರೆ, ಒಳಗೆ ಬಿಡದಿದ್ದರೆ, ಆಗ ನೀವೂ ನಿಮ್ಮ ಮೇಲಿನವರೂ ತಡ ಮಾಡಬೇಡಿ. ಹಿರಿಯರ ಸಹಾಯವಾಣಿ 14567. ಆ ಕ್ಷಣಕ್ಕೇ ಅಪಾಯ ಇದ್ದರೆ 112. ಅಂಥ ದಿನ ಬಂದರೆ ಸೊಸೆಯ ಕಷ್ಟಕ್ಕೆ ಕರಗಿ ಅಜ್ಜಿಯನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ಮನೆ ಭೇಟಿಗೆ ಹೋದಾಗ ಚಹಾ ಕೊಟ್ಟರೆ ಕುಡಿಯಬಾರದು ಅಂತ ನಮ್ಮ ತರಬೇತಿಯಲ್ಲಿ ಹೇಳಿದ್ದಾರೆ. ಬೇಡ ಅಂದರೆ ಜನ ಬೇಜಾರಾಗುತ್ತಾರೆ. ಏನು ಮಾಡಲಿ?
- ಓದುಗ, ನವಲಗುಂದ

ಉತ್ತರ: ಕುಡಿಯಿರಿ. ನವಲಗುಂದದಲ್ಲಿ ಚಹಾ ಬೇಡ ಅಂದವರಿಗೆ ಮನೆಯ ಸುದ್ದಿ ಯಾರು ಹೇಳುತ್ತಾರೆ? ಅರ್ಧ ಕಪ್ ಸಾಕು ಅನ್ನಿ. ಆದರೆ ದುಡ್ಡು ಬೇಡ, ಸೀರೆ ಬೇಡ, ಹೊಲದ ಕಡಲೆ ಚೀಲ ಬೇಡ. ಧಾರವಾಡದವಳಾದ ನನಗೆ ಪೇಢೆ ಬೇಡ ಅನ್ನುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಡಬ್ಬಿ ವಾರ್ಡಿನಲ್ಲಿ ಎಲ್ಲರಿಗೂ ಹಂಚಿಬಿಡುತ್ತಿದ್ದೆ.

ಪ್ರಶ್ನೆ: ನನ್ನ ಯಜಮಾನರಿಗೆ ಲಕ್ವ ಹೊಡೆದು ವರ್ಷವಾಯಿತು. ಬಲಗೈ, ಬಲಗಾಲು ಬರುವುದಿಲ್ಲ. ಮಾತು ಸರಿಯಿಲ್ಲ, ಸಿಟ್ಟು ವಿಪರೀತ. ತಾಟು ಎಸೆಯುತ್ತಾರೆ. ಎಲ್ಲವನ್ನೂ ನಾನೇ ಮಾಡಬೇಕು. ಮೈದುನ ಪಕ್ಕದ ಮನೆಯಲ್ಲೇ ಇದ್ದಾನೆ, 'ಏನರ ಬೇಕಂದ್ರ ಹೇಳ್ರಿ ವೈನಿ' ಅನ್ನುತ್ತಾನೆ ಅಷ್ಟೇ. ಒಮ್ಮೊಮ್ಮೆ ಇವರು ಹೋಗಿಬಿಟ್ಟರೆ ಸಾಕು ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಅಳುತ್ತೇನೆ. ನಾನು ಕೆಟ್ಟವಳಾ ಅಕ್ಕಾರ?
- ನೊಂದವಳು, ಕುಂದಗೋಳ

ಉತ್ತರ: ಅಲ್ಲವ್ವ. ನಿದ್ದೆ ಇಲ್ಲದ ಮೈಗೆ ಹಾಗೆ ಅನ್ನಿಸುತ್ತದೆ. ದವಾಖಾನೆಯ ಮೆಟ್ಟಿಲ ಮೇಲೆ ಕೂತು ಇದೇ ಮಾತನ್ನು ನನ್ನ ಕಿವಿಯಲ್ಲಿ ಹೇಳಿದ ಹೆಂಡತಿಯರು, ತಾಯಂದಿರು, ಒಬ್ಬಿಬ್ಬರು ಗಂಡಸರೂ ಇದ್ದಾರೆ. ಅವರೆಲ್ಲ ಚೆನ್ನಾಗಿಯೇ ನೋಡಿಕೊಂಡವರು. ಆದರೆ ಅನ್ನಿಸುವುದು ದಾಟಿ, ಅವರಿಗೋ ನಿಮಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಆ ಗಳಿಗೆಯಲ್ಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಮೈದುನನ ವಿಷಯ. 'ಏನರ ಬೇಕಂದ್ರ ಹೇಳ್ರಿ' ಎಂಬ ಮಾತು ಅವಧಿ ಮುಗಿದ ಚೆಕ್ ಇದ್ದ ಹಾಗೆ, ಕೈಯಲ್ಲಿ ಹಿಡಿದುಕೊಂಡು ಪ್ರಯೋಜನ ಇಲ್ಲ. ಅವರಿಗೆ ಇಂಥದ್ದೇ ಅಂತ ಹೇಳಿ ಕೆಲಸ ಕೊಡಿ. 'ಬುಧವಾರ, ಶನಿವಾರ ರಾತ್ರಿ ನೀನು ಇಲ್ಲಿ ಮಲಗಬೇಕು. ಭಾನುವಾರದ ಸ್ನಾನ ನಿನ್ನದು.' ದಿನ ಹೇಳಿ, ಹೊತ್ತು ಹೇಳಿ. ಊರಿನ ಯಾರಾದರೂ ಹಿರಿಯರ ಎದುರಿಗೇ ಹೇಳಿದರೆ ಇನ್ನೂ ಒಳ್ಳೆಯದು. ವಾರದಲ್ಲಿ ಎರಡು ರಾತ್ರಿ ಪೂರ್ತಿ ನಿದ್ದೆ ಬಂದರೆ ನಿಮ್ಮ ಮುಂದಿನ ಪತ್ರ ಬೇರೆ ಥರ ಇರುತ್ತದೆ. ಓಣಿಯವರು 'ಸಾಕ್ಷಾತ್ ದೇವತೆ ಅವ್ವ ನೀನು' ಅನ್ನುತ್ತಾರಲ್ಲ, ಅವರಿಗೂ ಒಂದು ಗಂಟೆ ಕೂತುಕೊಳ್ಳಲು ಹೇಳಿ. ನನಗೆ ಈ ದೇವತೆ ಮಾಡುವುದು ಕಂಡರೆ ಆಗುವುದಿಲ್ಲ. ದೇವತೆಗೆ ಬೆನ್ನು ನೋಯುವುದಿಲ್ಲ ಅಂತ ಎಲ್ಲರೂ ಮನೆಗೆ ಹೋಗುತ್ತಾರೆ.

ಯಜಮಾನರ ಸಿಟ್ಟು. ಲಕ್ವದ ನಂತರ ಮನಸ್ಸು ಕುಗ್ಗುವುದು ಬಹಳ ಸಾಮಾನ್ಯ. ಅದಕ್ಕೆ ಔಷಧ ಇದೆ. ಡಾಕ್ಟರ ಹತ್ತಿರ 'ಸಿಟ್ಟು ಜಾಸ್ತಿ, ನಿದ್ದೆ ಇಲ್ಲ, ಅಳುತ್ತಾರೆ' ಅಂತ ಬಿಡಿಸಿ ಹೇಳಿ, ಬರೀ ಬಿಪಿ ಗುಳಿಗೆ ಬರೆಸಿಕೊಂಡು ವಾಪಸ್ ಬರಬೇಡಿ. ಮಾತು ಬರದಿದ್ದರೂ ಎಷ್ಟೋ ಜನರಿಗೆ ಒಳಗೆ ತಿಳಿಯುತ್ತಿರುತ್ತದೆ. ಅವರೆದುರಿಗೇ ನೆಂಟರ ಜೊತೆ 'ಇವರದ್ದೇನು ಮುಗಿದೇ ಹೋಯಿತು' ಅಂತ ಮಾತಾಡಿದರೆ ತಾಟು ಹಾರದೆ ಇರುತ್ತದಾ? ಪಲ್ಯ ಯಾವುದು ಮಾಡಲಿ, ಅಂಗಿ ಯಾವುದು ಹಾಕಲಿ ಅಂತ ಎರಡು ತೋರಿಸಿ ಕೇಳಿ. ಎಡಗೈಯಿಂದ ತೋರಿಸಲಿ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ. ನೀರಿಗೆ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಿ, ಅಲ್ಲಿಯವರೆಗೆ ಗಟ್ಟಿ ಗಂಜಿಯಂಥದ್ದು ಕೊಡಿ. ಮಲಗಿದಲ್ಲೇ ಇರುವವರಾದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಮತ್ತು ಟೊಂಕದ ಹಿಂದೆ ಕೆಂಪಾಗಿದೆಯಾ ದಿನಾ ನೋಡಬೇಕು.

ಕೈಕಾಲಿನ ಶಕ್ತಿ ಬರದೆ ಉಳಿದಿದ್ದರೆ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಸಿಗುತ್ತದೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಡಾಕ್ಟರು ಬರೆದುಕೊಟ್ಟರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಪಂಚಾಯಿತಿಗೆ ಒಬ್ಬ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು. ಅವರನ್ನು ಹಿಡಿಯಿರಿ, ಕಾಗದ ಪತ್ರದ ಓಡಾಟ ಅವರ ಕೆಲಸ.

ಪ್ರಶ್ನೆ: ನಾನು ಹಾನಗಲ್ ಕಡೆಯ ಪಂಚಾಯಿತಿಯೊಂದರಲ್ಲಿ ಪುನರ್ವಸತಿ ಕಾರ್ಯಕರ್ತ. ನಡೆಯಲಾರದ ಒಬ್ಬ ಅಜ್ಜ ತಮ್ಮ ಎಟಿಎಂ ಕಾರ್ಡು, ಪಿನ್ ಎರಡೂ ನನಗೆ ಕೊಟ್ಟು, ತಿಂಗಳ ಪಿಂಚಣಿ ತಂದುಕೊಡು ಅನ್ನುತ್ತಾರೆ. ತಂದುಕೊಡುವುದು ತಪ್ಪಾ?
- ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಮ್ಮಾ, ಇವತ್ತೇ ಕಾರ್ಡ್ ವಾಪಸ್ ಕೊಡಿ. ಪಿನ್ ಬದಲಿಸಲು ಹೇಳಿ. ನೀವು ಪ್ರಾಮಾಣಿಕರೇ ಇರಬಹುದು, ಎಂದೋ ಒಂದು ದಿನ ಇನ್ನೂರು ರೂಪಾಯಿ ಲೆಕ್ಕ ತಪ್ಪಿದರೆ ಅಜ್ಜನಿಗೆ ನೋವು, ನಿಮಗೆ ಕಳಂಕ. ಅಂಚೆಯಣ್ಣನನ್ನು ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಆಧಾರ್ ಹೆಬ್ಬೆಟ್ಟು ತೆಗೆದುಕೊಂಡು ಮನೆಬಾಗಿಲಲ್ಲೇ ಹಣ ಕೊಡುವ ವ್ಯವಸ್ಥೆ ಇದೆ. ಖಾತೆ ಬೇರೆ ಬ್ಯಾಂಕಿನದ್ದಾದರೂ ಆಧಾರ್ ಜೋಡಣೆ ಆಗಿದ್ದರೆ ಸಾಕು. ಎಪ್ಪತ್ತು ದಾಟಿದವರಿಗೆ ಮನೆಗೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಮನೆಯಲ್ಲಿ ಮಕ್ಕಳು ಇದ್ದಾರಾ? ಇದ್ದೂ ಅಜ್ಜ ನಿಮ್ಮ ಕೈಗೆ ಕಾರ್ಡ್ ಕೊಟ್ಟರು ಅಂದರೆ ಯಾಕೆ ಅಂತ ಮೆಲ್ಲಗೆ ಕೇಳಿ, ಒಬ್ಬರೇ ಇದ್ದಾಗ ಕೇಳಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಬುದ್ಧಿ ಬೆಳವಣಿಗೆ ಕಡಿಮೆ. ಬ್ಯಾಂಕಿನವರು ಪೋಷಕತ್ವದ ಪ್ರಮಾಣಪತ್ರ ತನ್ನಿ ಅನ್ನುತ್ತಾರೆ. ನಾನು ಹೆತ್ತ ತಾಯಿ, ನನಗ್ಯಾಕೆ ಪ್ರಮಾಣಪತ್ರ? ಇನ್ನೊಂದು, ಸಂಘ ಸಂಸ್ಥೆಯವರು ಬಂದು ಕಿಟ್ ಕೊಟ್ಟು ಫೋಟೊ ತೆಗೆಯುತ್ತಾರೆ. ಮಗ ಮುಖ ಮುಚ್ಚಿಕೊಳ್ಳುತ್ತಾನೆ. ಬೇಡ ಅಂದರೆ ಮುಂದಿನ ಸಲ ಕೊಡುವುದಿಲ್ಲವೇನೋ ಅಂತ ಹೆದರಿಕೆ.
- ತಾಯಿ, ಹಳೇ ಹುಬ್ಬಳ್ಳಿ

ಉತ್ತರ: ಹದಿನೆಂಟು ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ಅವನು ದೊಡ್ಡವನು, ತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999 ಇದೆ. ಆಟಿಸಂ, ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಅದು ಅನ್ವಯ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಅದು ಪೋಷಕರನ್ನು ನೇಮಿಸುತ್ತದೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯನ್ನೂ ಕೇಳಿ, 1 ಲಕ್ಷ ರೂಪಾಯಿವರೆಗೆ ಇದೆ.

ಆದರೆ ಅರ್ಜಿ ಹಾಕುವ ಮುಂಚೆ ಒಂದು ಮಾತು. ಅವನು ತಾನೇ ಏನೇನು ತೀರ್ಮಾನ ಮಾಡಬಲ್ಲ? ಅಂಗಡಿಗೆ ಹೋಗಿ ಚಿಲ್ಲರೆ ಎಣಿಸುತ್ತಾನಾ? ಸಹಿ ಹಾಕುತ್ತಾನಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವನನ್ನೂ ಎಲ್ಲರ ಹಾಗೆ ಹಕ್ಕುಳ್ಳವನು ಅಂತಲೇ ನೋಡುತ್ತದೆ. ಬ್ಯಾಂಕ್ ಕೇಳಿತು ಅಂತ ಅವನ ಬದುಕಿನ ಎಲ್ಲ ಸಹಿಯನ್ನೂ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಯಾವುದಕ್ಕೆ ಬೇಕೋ ಅದಕ್ಕಷ್ಟೇ ಕೇಳಿ.

ಫೋಟೊ ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ಮುಖ ಮುಚ್ಚಿಕೊಂಡಿದ್ದಾನೆ ಅಂದರೆ ಬೇಡ ಅಂತ ಹೇಳಿಯಾಯಿತಲ್ಲ, ಇನ್ನು ಬಾಯಿಂದ ಬೇರೆ ಹೇಳಬೇಕಾ? ಅರ್ಜಿಗೆ ಅಂಟಿಸುವ ಫೋಟೊ ಬೇರೆ. ಬ್ಯಾನರ್ ಹಿಡಿದು, ಅಕ್ಕಿ ಚೀಲದ ಹಿಂದೆ ನಿಲ್ಲಿಸಿ ತೆಗೆಯುವುದು ಅವರ ಪ್ರಚಾರಕ್ಕೆ. 'ಕಿಟ್ ಕೊಡಿ, ಸಹಿ ಮಾಡಿ ಕೊಡುತ್ತೇನೆ, ಫೋಟೊ ಬೇಡ' ಅನ್ನಿ. ಈ ಪುಟ ಓದುವ ಸಂಸ್ಥೆಯವರೇ, ಲೆಕ್ಕ ಕೇಳುವವರಿಗೆ ಸಹಿ ಇರುವ ರಸೀದಿ ತೋರಿಸಿದರೆ ಸಾಲದಾ?

ಪ್ರಶ್ನೆ: ನನಗೆ 68. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕರೆಯುವುದಿಲ್ಲ. ಮನೆ ವಾಪಸ್ ಬರುತ್ತದಾ?
- ಹಿರಿಯ ಓದುಗರು, ರಾಣೆಬೆನ್ನೂರು

ಉತ್ತರ: ಬರಬಹುದು ಅಣ್ಣಾರ. ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ, 2007ರ 23ನೇ ಕಲಂ ಇರುವುದೇ ಇದಕ್ಕೆ. ನೋಡಿಕೊಳ್ಳುತ್ತಾನೆ ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಅವನು ನೋಡಿಕೊಳ್ಳದಿದ್ದರೆ ದಾನಪತ್ರ ರದ್ದಾಗಬಹುದು. ಆ ಷರತ್ತು ಎಲ್ಲಿ ಬರೆದಿದೆ ಎನ್ನುವುದೇ ಜಗಳದ ಜಾಗ. ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟ ಬೇರೆ ಒಪ್ಪಂದದ ಕಾಗದವೂ ಇತ್ತು. ನಿಮ್ಮಲ್ಲೂ ಅಂಥ ಚೀಟಿ ಇದೆಯಾ ಟ್ರಂಕ್ ತೆಗೆದು ನೋಡಿ.

ಅರ್ಜಿಯನ್ನು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಕಚೇರಿಗೆ ಕೊಡಬೇಕು. ವಕೀಲರಿಲ್ಲದೆಯೇ ಕೊಡಬಹುದು. ಮನೆಯ ಜೊತೆಗೆ ತಿಂಗಳ ಜೀವನಾಂಶವನ್ನೂ ಕೇಳಿ, ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ಅವಕಾಶವಿದೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಮಗನ ಜೊತೆ ರಾಜಿಯೂ ಅಲ್ಲೇ ಮಾಡಿಸುತ್ತಾರೆ. ನಿಮಗೆ ಮನೆಯೇ ಬೇಕೋ, ಎರಡು ಹೊತ್ತಿನ ಊಟ ಮತ್ತು ಮಾತು ಸಾಕೋ, ಹೋಗುವ ಮುಂಚೆ ನೀವೇ ನಿರ್ಧಾರ ಮಾಡಿ, ಬೇರೆಯವರು ಹೇಳಿದರು ಅಂತ ಬೇಡ. ದಾನಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಮೊದಲು ಅದನ್ನು ತೆಗೆಸಿ, ಷರತ್ತಿನ ಸಾಲು ಇದೆಯಾ ಓದಿಸಿ ನೋಡಿ, ಆಮೇಲೆ ನನಗೆ ಇನ್ನೊಂದು ಪತ್ರ ಹಾಕಿ.